ನಾನೂರ ಏಳನೇ ಕೋಣೆಯ ಹಿಟ್ಟು

ಹೊಸ ಹಾಸ್ಟೆಲಿಗೆ ಹೀಟರ್ ಇಲ್ಲ.
ಉದ್ಘಾಟನೆಯ ದಿನ ಕುಲಪತಿ ಮೂರು ಸಲ ಹೇಳಿದರು:
ಇಲ್ಲಿರುವವರ ಮೈಬಿಸಿಯೇ ಸಾಕು,
ಗೋಡೆ ಮೊಳದಷ್ಟು ದಪ್ಪ, ಗಾಜು ಮೂರು ಪದರ,
ಮರವೆಲ್ಲ ಇದೇ ಕಣಿವೆಯದು.
ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಕೈಗವಸು,
ಸದ್ದು ಹೆಚ್ಚು ಬರಲಿಲ್ಲ.

ನಾನು ಓಡ್ವೈಗ್. ಇಪ್ಪತ್ತಾರು ವರ್ಷ
ಹಳೆಯ ಹಾಸ್ಟೆಲು ನೋಡಿಕೊಂಡವಳು.
ಅಲ್ಲಿ ಕೋಣೆಗೊಂದು ಕಬ್ಬಿಣದ ರೇಡಿಯೇಟರ್,
ರಾತ್ರಿಯಿಡೀ ಮುದುಕರಂತೆ ಕೆಮ್ಮುತ್ತಿದ್ದವು.
ಒಳಗೆ ಗಾಳಿ ಸಿಕ್ಕಿಕೊಂಡರೆ ನಾನೇ ಹೋಗಿ
ಚಿಕ್ಕ ಕೀಲಿ ತಿರುವಿ, ಬಟ್ಟೆ ಹಿಡಿದು
ಉಸ್ಸೆನ್ನಿಸುತ್ತಿದ್ದೆ.
ಆ ಕೀಲಿ ಈಗಲೂ ಕೋಟಿನ ಜೇಬಿನಲ್ಲಿದೆ,
ತಿರುವಲು ಏನೂ ಇಲ್ಲ.

ಇಲ್ಲಿ ನನ್ನ ಕೆಲಸ ಒಂದು ಪರದೆ ನೋಡುವುದು.
ನೂರ ಹನ್ನೆರಡು ಕೋಣೆ, ನೂರ ಹನ್ನೆರಡು ಚುಕ್ಕಿ,
ಎಲ್ಲ ಹಸಿರು.
ನವೆಂಬರಿನಲ್ಲಿ, ಟ್ರಾನ್‌ಹೈಮಿನ ಹಗಲು
ಅಂಗೈಯಗಲ ಆದಾಗ,
ಒಂದು ಕೆಂಪಾಯಿತು.
ನಾನೂರ ಏಳು.

ಕದ್ದು ತಂದ ಹೀಟರು, ಆ ಕೆಂಪು ನನಗೆ ಗೊತ್ತು.
ನಿಯಮ ಹದಿನಾಲ್ಕನ್ನು ಬಾಯಲ್ಲಿ ಹೊಂದಿಸಿಕೊಳ್ಳುತ್ತ
ಮೆಟ್ಟಿಲು ಹತ್ತಿದೆ. ಗೋಡೆಯ ಹಲಗೆ
ಅಲ್ಲಲ್ಲಿ ಇನ್ನೂ ಅಂಟು ಸುರಿಸುತ್ತಿದೆ,
ತಾನು ಕಟ್ಟಡವಾದದ್ದು
ತನಗೆ ಯಾರೂ ತಿಳಿಸಿಲ್ಲವೆಂಬಂತೆ.

ಬಾಗಿಲು ತೆಗೆದವಳು ಫ್ರೆವೈನಿ,
ಎರಿಟ್ರಿಯಾದವಳು, ಮೀನಿನ ರೋಗಗಳನ್ನು ಓದುತ್ತಾಳೆ.
ತೋಳಿಲ್ಲದ ಅಂಗಿ ತೊಟ್ಟಿದ್ದಳು.
ಚಳಿಯೇನಮ್ಮ? ಅಂದೆ.
ನನಗಲ್ಲ, ಅಂದಳು.
ಮಂಚದ ಕೆಳಗೆ ಟವೆಲು ಹೊದ್ದ ಒಂದು ಬಕೆಟ್ಟು,
ಪಕ್ಕದಲ್ಲಿ ಸಿಕ್ಕಿಬಿದ್ದ ಹೀಟರು.
ಮುಚ್ಚಳ ಸರಿಸಿ ತೋರಿಸಿದಳು:
ಎಳ್ಳಿಗಿಂತ ಸಣ್ಣ ಕಾಳು, ಟೆಫ್, ಅದರ ಹಿಟ್ಟು,
ನಾಲ್ಕು ದಿನವಾದರೂ ಹುಳಿ ಬಂದಿಲ್ಲ,
ಮುನಿಸಿಕೊಂಡವರ ಹಾಗೆ ಕೂತಿದೆ.

"ಈ ಮನೆ ಮನುಷ್ಯರ ಲೆಕ್ಕಕ್ಕೆ ಕಟ್ಟಿದ್ದು.
ಹತ್ತೊಂಬತ್ತು ಡಿಗ್ರಿ ನನಗೆ ಸಾಕು, ಇದಕ್ಕೆ ಸಾಲದು.
ಇದು ಉಬ್ಬದಿದ್ದರೆ
ರೊಟ್ಟಿಗೆ ಕಣ್ಣು ಬರುವುದಿಲ್ಲ."

ಹಳೆಯ ಹಾಸ್ಟೆಲಿನ ಹುಡುಗಿಯರು
ರೇಡಿಯೇಟರಿನ ಮೇಲೆ ಬನ್ನಿನ ಹಿಟ್ಟಿಟ್ಟು
ಪರೀಕ್ಷೆಗೆ ಹೋಗುತ್ತಿದ್ದರು. ಆಗ ಬಿಸಿಗೆ
ಯಾರೂ ಲೆಕ್ಕ ಬರೆಯುತ್ತಿರಲಿಲ್ಲ.
ಕಿಟಕಿ ತೆರೆದಿಟ್ಟು ಬೀದಿಯನ್ನೂ ಬೆಚ್ಚಗಿಟ್ಟೆವು,
ಅದೂ ನಿಜ.

ಹೀಟರ್ ತೆಗೆದುಕೊಂಡೆ, ಅದು ನನ್ನ ಕೆಲಸ.
ಬಕೆಟ್ಟನ್ನೂ ಎತ್ತಿಕೊಂಡೆ. ಅವಳು ಬೆದರಿದಳು.
ಬಾ, ಅಂದೆ.

ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ,
ಕರಪತ್ರದಲ್ಲಿ ಅದರ ಚಿತ್ರವಿಲ್ಲ.
ನೂರ ಹನ್ನೆರಡು ಮಂದಿ ಮಿಂದ ನೀರು
ಚರಂಡಿ ಸೇರುವ ಮೊದಲು ಅಲ್ಲಿ ಸುತ್ತಿ ಸುಳಿದು
ಹೊಸ ನೀರಿಗೆ ತನ್ನ ಬಿಸಿ ಒಪ್ಪಿಸಿ ಹೋಗುತ್ತದೆ.
ಕೊಳೆ ನೀನೇ ಇಟ್ಟುಕೋ, ಕಾವು ಕೊಟ್ಟು ಹೋಗು
ಎನ್ನುವ ತೊಟ್ಟಿ. ಅದರ ಬೆನ್ನಿಗೊಂದು ಮೂಲೆ,
ನಾನು ಕಾಲುಚೀಲ ಒಣಗಿಸುವ ಜಾಗ,
ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.
ಬಕೆಟ್ಟನ್ನು ಅಲ್ಲಿಟ್ಟೆವು.

ಮೇಲೆಲ್ಲೋ ನೀರು ಬಿಟ್ಟ ಸದ್ದು, ಕೊಳವೆ ಗುಳುಗುಟ್ಟಿತು.
ಎರಡನೇ ಮಹಡಿಯ ಐಲಿಫ್,
ನಾಲ್ಕು ನಿಮಿಷದ ಮಿತಿ ದಿನವೂ ಮೀರುವವನು.
ಇನ್ನೂ ಸ್ವಲ್ಪ ನಿಲ್ಲು ಮಾರಾಯ, ಅಂದುಕೊಂಡೆ.

ಮೂರನೆಯ ಬೆಳಿಗ್ಗೆ ಕಿವಿಯಿಟ್ಟು ಕೇಳಿದೆ,
ಮುಚ್ಚಳದಡಿ ಸಣ್ಣಗೆ ಉಸ್ ಉಸ್.
ಆ ರೊಟ್ಟಿಯ ತುಂಬ ಕಣ್ಣು.
ಮಡಚಿ ತಿನ್ನಬೇಕು ಎಂದು ತೋರಿಸಿಕೊಟ್ಟಳು.

ಕ್ರಿಸ್‌ಮಸ್ಸಿಗೆ ಎಲ್ಲರೂ ಊರಿಗೆ ಹೋದರು.
ಚುಕ್ಕಿಗಳು ಒಂದೊಂದೇ ಬೂದಿಬಣ್ಣವಾದವು.
ಫ್ರೆವೈನಿಯೂ ಬರ್ಗೆನ್ನಿನ ಅಕ್ಕನ ಮನೆಗೆ.
ಮುಂದಿನ ಹದಕ್ಕೆಂದು ಒಂದು ಲೋಟ ಹುಳಿಹಿಟ್ಟು
ನನ್ನ ಕೈಗೆ ಕೊಟ್ಟು: ಇದನ್ನೊಂದು ಸಾಯಬಿಡಬೇಡಿ.

ನಾಲ್ಕನೆಯ ದಿನ ಕೊಳವೆಗಳು ಮೌನ.
ತೊಟ್ಟಿಯ ಬೆನ್ನು ಮುಟ್ಟಿದೆ, ತಣ್ಣಗೆ.
ಲೋಟದಲ್ಲಿ ಹಿಟ್ಟು ಮತ್ತೆ ಮುನಿದಿತ್ತು.

ಟವೆಲು ತೆಗೆದುಕೊಂಡು ಮೇಲೆ ಹೋದೆ,
ಅರವತ್ತೊಂದು ವರ್ಷದವಳು, ಕೋಟು ಬಿಚ್ಚಿ,
ಕೀಲಿ ಸಮೇತ ಗೂಟಕ್ಕೆ ಹಾಕಿ,
ವಿದ್ಯಾರ್ಥಿಗಳ ಬಚ್ಚಲಲ್ಲಿ ಬಿಸಿನೀರಿನ ಕೆಳಗೆ ನಿಂತೆ.
ನಾಲ್ಕು ನಿಮಿಷಕ್ಕೆ ಗಂಟೆ ಬಾರಿಸಿತು.
ಹನ್ನೊಂದರವರೆಗೆ ನಿಂತೆ.

ಕೆಳಗೆ ಪರದೆಯಲ್ಲಿ ಒಂದು ಚುಕ್ಕಿ ಕೆಂಪಾಗಿರಬೇಕು.
ನೋಡಬೇಕಾದವಳು ಇಲ್ಲಿ ಮೀಯುತ್ತಿದ್ದಳು.